ಕಂಬಿಯಿಂದ ಮಾಡಿದ ಉಳಿ ಯಾಕೆ ಗಟ್ಟಿಯಾಗಲಿಲ್ಲ?

ಮನೆ ಕಟ್ಟಲು ಬಳಸುವ ಟಿಎಂಟಿ ಕಂಬಿಯಿಂದ ಮರಗೆಲಸದ ಉಳಿ ಮಾಡಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಬಾಯಿ ಮಡಚಿಕೊಳ್ಳುತ್ತದೆ ಎಂದಿದ್ದೀರಿ. ನೀವು ಕಾಯಿಸಿದ್ದರಲ್ಲಿ ತಪ್ಪಿಲ್ಲ, ಆ ಉಕ್ಕಿನಲ್ಲಿ ಕಾರ್ಬನ್ನೇ ಸಾಲದು. ಎಫ್‌ಇ 500 ದರ್ಜೆಯ ಟಿಎಂಟಿ ಕಂಬಿಯಲ್ಲಿ ಕಾರ್ಬನ್ ಹೆಚ್ಚೆಂದರೆ 0.30%. ಉಳಿಯ ಅಂಚು ನಿಲ್ಲಬೇಕಾದರೆ 0.6% ಆದರೂ ಇರಬೇಕು. ಇನ್ನು ಟಿಎಂಟಿಯ ಹೊರಪದರವನ್ನು ಕಾರ್ಖಾನೆಯಲ್ಲೇ ನೀರು ಚಿಮ್ಮಿಸಿ ಗಟ್ಟಿ ಮಾಡಿರುತ್ತಾರೆ. ಕುಲುಮೆಗೆ ಇಟ್ಟಾಗ ಆ ಹದವೂ ಹೋಯಿತು, ಅಲ್ವಾ?

ಉಳಿ ಮಾಡಲು ಸವೆದ ಹಳೇ ಅರ (ಲೋಹ ಉಜ್ಜುವ ಫೈಲ್) ಹುಡುಕಿ. ಒಳ್ಳೆಯ ಅರದಲ್ಲಿ 1% ಅಥವಾ ಅದಕ್ಕಿಂತ ತುಸು ಜಾಸ್ತಿ ಕಾರ್ಬನ್ ಇರುತ್ತದೆ. (ತೀರಾ ಅಗ್ಗದವು ಬರೀ ಮೇಲ್ಮೈ ಗಟ್ಟಿ, ಒಳಗೆ ಮೆತ್ತಗೆ. ಅವು ಬೇಡ.) ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ಮೆತ್ತಗಾದ ಮೇಲೆ ಆಕಾರ ಕೊಡಿ. ಮತ್ತೆ ಕಾಯಿಸುವಾಗ ಆಯಸ್ಕಾಂತ ಹಿಡಿದು ನೋಡುತ್ತಿರಿ. ಸುಮಾರು 770 ಡಿಗ್ರಿಗೆ ಅದು ಅಂಟುವುದಿಲ್ಲ. ಅಲ್ಲಿಂದ ಒಂಚೂರು ಮೇಲೆ ಸಾಕು. ಹಳದಿ ಕಾವಿಗೆ ಹೋದರೆ ಉಕ್ಕಿನ ಕಣ ದಪ್ಪವಾಗಿ ಪೆಡಸಾಗುತ್ತದೆ. ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ, ನೀರಲ್ಲಿ ಬಿರುಕು ಬಿಡುವ ಭಯ ಜಾಸ್ತಿ.

ಅಲ್ಲಿಗೇ ನಿಲ್ಲಿಸಬೇಡಿ. ಈಗ ಅದು ಗಾಜಿನ ಹಾಗೆ, ಕೈತಪ್ಪಿ ಬಿದ್ದರೂ ಮುರಿದೀತು. ಮೈ ಉಜ್ಜಿ ಹೊಳಪು ಬರಿಸಿ, ಹಿಂಬದಿಯಿಂದ ನಿಧಾನಕ್ಕೆ ಬಿಸಿ ಮಾಡಿ. ಬಣ್ಣ ಅಂಚಿನ ಕಡೆ ಓಡುತ್ತಾ ಬರುತ್ತದೆ. ಅಂಚಿಗೆ ಒಣಹುಲ್ಲಿನ ಹಳದಿ ಬಂದರೆ ಸುಮಾರು 220–230 ಡಿಗ್ರಿ, ತಕ್ಷಣ ನೀರಿಗೆ ಹಾಕಿ. ನೀಲಿಗೆ ತಿರುಗಿದರೆ ಸ್ಪ್ರಿಂಗಿಗೆ ಸರಿ, ಮರದ ಉಳಿಗೆ ಅಲ್ಲ. ಹಾಗಾದರೆ ಮತ್ತೆ ಮೊದಲಿಂದ ಕಾಯಿಸಿ ಅದ್ದಬೇಕು.