ಬೀಟೆಯ ಗಿಟಾರನ್ನು ಹೊರದೇಶಕ್ಕೆ ಕಳುಹಿಸಲು ಆಗದಿದ್ದರೆ ಯಾವ ಮರಕ್ಕೆ ಹೋಗಬೇಕು?

ಅಳಿವಿನ ಅಂಚಿನ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದವಾದ ಸೈಟಿಸ್‌ನ ನಿಯಮಗಳಿಗೆ ಹೆದರಿ ಬೀಟೆಯನ್ನು, ಅಂದರೆ ಭಾರತದ ರೋಸ್‌ವುಡ್ ಅನ್ನು, ಬಿಡಲು ಹೊರಟಿದ್ದೀರಿ. ಬೆಂಗಳೂರಿನಲ್ಲಿ ಗಿಟಾರ್ ಕಟ್ಟಲು ಆರಂಭಿಸಿದ ಕಾಲದಲ್ಲಿ ನನಗೂ ಇದೇ ಚಿಂತೆಯಿತ್ತು. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲ, ಅಂದರೆ ಡಾಲ್‌ಬರ್ಜಿಯಾ, ಸೈಟಿಸ್ ನಿಯಂತ್ರಣಕ್ಕೆ ಒಳಪಟ್ಟು, ಮಾರಾಟಕ್ಕೆಂದು ಗಡಿ ದಾಟುವ ಗಿಟಾರಿಗೂ ಕಾಗದಪತ್ರ ಬೇಕಾಯಿತು. 2019ರ ನವೆಂಬರ್ 26ರಂದು ಸಿದ್ಧ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ಜಾರಿಗೆ ಬಂದಾಗ, ತೊಂದರೆ ಮುಗಿಯಿತೆಂದು ನಂಬಿದೆ.

ಯುರೋಪಿನ ಗ್ರಾಹಕರೊಬ್ಬರು ನನ್ನಿಂದ ಗಿಟಾರ್ ಕೊಂಡರು. ಅವರೂ ವಾದ್ಯ ತಯಾರಕರಾದ್ದರಿಂದ ಬೆನ್ನು ಮತ್ತು ಪಕ್ಕೆಗಳಿಗೆ ಬೀಟೆಯ ಹಲಗೆಗಳನ್ನೂ ತಂತಿಗಳ ಕೆಳಗೆ ಬೆರಳೊತ್ತುವ ಪಟ್ಟಿಗೆ, ಅಂದರೆ ಫಿಂಗರ್‌ಬೋರ್ಡಿಗೆ, ಒಂದು ತುಂಡನ್ನೂ ಕೇಳಿದರು. ಎಲ್ಲವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದೆ. ನನ್ನ ತಪ್ಪು ಎರಡು ಪದರಗಳದ್ದು, ಅದನ್ನು ಬಿಡಿಸಿಯೇ ಹೇಳಬೇಕು. ಸಿದ್ಧ ಬಿಡಿಭಾಗವೆಂದರೆ ವಾದ್ಯಕ್ಕೆಂದೇ ರೂಪಿಸಿ, ನೇರವಾಗಿ ಜೋಡಿಸಲು ತಯಾರಾಗಿರುವ ಭಾಗ. ಫ್ರೆಟ್ಟುಗಳೆಂಬ ಲೋಹದ ಪಟ್ಟಿಗಳನ್ನು ಕೂರಿಸುವ ಸೀಳುಗಳನ್ನೂ ಹಾಕದ, ಕೇವಲ ಕೊಯ್ದ ಪಟ್ಟಿ ಎಷ್ಟೇ ನಯವಾಗಿದ್ದರೂ ಹಲಗೆಯೇ. ಎರಡನೆಯದಾಗಿ, ಪೆಟ್ಟಿಗೆಯಲ್ಲಿದ್ದ ಬೀಟೆಯ ತೂಕ 10 ಕಿಲೋಗಿಂತ ಬಹಳ ಕಡಿಮೆಯೆಂದು ನಾನು ನಿಶ್ಚಿಂತೆಯಿಂದಿದ್ದೆ, ಆದರೆ ಆ 10 ಕಿಲೋ ಮಿತಿ ಸಿದ್ಧವಸ್ತುಗಳಿಗೆ ಮಾತ್ರ ಕೊಟ್ಟದ್ದು, ಕೊಯ್ದ ಮರಕ್ಕೆ ಅದು ಅನ್ವಯಿಸುವುದೇ ಇಲ್ಲ. ಅಲ್ಲಿಯ ಕಸ್ಟಮ್ಸ್ ಹಲಗೆಗಳನ್ನು ವಶಪಡಿಸಿಕೊಂಡಿತು. ಸೈಟಿಸ್‌ನ ಯಾವ ಕಾಗದವೂ ಬೇಡವಾಗಿದ್ದ ಗಿಟಾರ್ ಕೂಡ ಅವುಗಳ ಜೊತೆಗಿದ್ದ ಕಾರಣಕ್ಕೆ ಚಳಿಗಾಲವೆಲ್ಲ ಗೋದಾಮಿನಲ್ಲಿ ಉಳಿಯಿತು, ಒಣಹವೆಗೆ ಅದರ ಸ್ಪ್ರೂಸ್ ಮೇಲುಹಲಗೆ ಸೀಳಿತು. ಹಣ ಹಿಂದಿರುಗಿಸಿದೆ, ಆ ಗ್ರಾಹಕರು ಮತ್ತೆ ಬರಲಿಲ್ಲ.

ತೊಂದರೆ ತಂದದ್ದು ಹಲಗೆಗಳು, ಬೀಟೆಯ ಗಿಟಾರಲ್ಲ. ಹಾಗಾಗಿ ಮರ ಬದಲಿಸುವ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಅಮೆರಿಕ ಖಂಡದ ದೊಡ್ಡೆಲೆಯ ಮಹಾಗನಿ 2003ರಿಂದ, ಮಡಗಾಸ್ಕರ್‌ನ ಕರಿಮರ (ಎಬೊನಿ) 2013ರಿಂದ ಸೈಟಿಸ್ ಪಟ್ಟಿಯ ಎರಡನೆಯ ಅನುಬಂಧದಲ್ಲಿವೆ. ಪಟ್ಟಿಯಲ್ಲಿ ಇಲ್ಲದ ಮರ ಸುರಕ್ಷಿತ ಎನ್ನುವುದೂ ತಪ್ಪು ತಿಳುವಳಿಕೆ: ಮಡಗಾಸ್ಕರ್‌ನ ಕರಿಮರ ಪಟ್ಟಿಗೆ ಸೇರುವ ಮೊದಲೇ ನಡೆದ ಅದರ ಆಮದಿನ ಪ್ರಕರಣದಲ್ಲಿ ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿ 2012ರಲ್ಲಿ ಅಮೆರಿಕ ಸರ್ಕಾರಕ್ಕೆ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು, ಏಕೆಂದರೆ ಅಲ್ಲಿಯ ಲೇಸಿ ಕಾಯ್ದೆಯು ಮರ ಹುಟ್ಟಿದ ದೇಶದ ಕಾನೂನನ್ನೂ ನೋಡುತ್ತದೆ. ನಿಮ್ಮ ಪಕ್ಕದಲ್ಲೇ ಬೆಳೆಯುವ, ಮೂಲವನ್ನು ತೋರಿಸಬಲ್ಲ ಮರವನ್ನು ಬಿಟ್ಟು, ಯಾವ ಕಾಡಿನದೆಂದು ತಿಳಿಯದ ಮರ ತರಿಸುವುದರಲ್ಲಿ ಏನು ಲಾಭ? ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದಾಗ, 1969ರ ಸುಮಾರಿಗೆ, ಅಮೆರಿಕದ ಮಾರ್ಟಿನ್‌ನಂಥ ಗಿಟಾರ್ ಕಂಪನಿಯೇ ಭಾರತದ ಬೀಟೆಗೆ ಬಂತು. ನಮ್ಮ ಘಟ್ಟದ ಈ ಮರ ನಿಧಾನವಾಗಿ ಬಲಿಯುವಂಥದು, ಅಳಿವಿನ ಅಪಾಯವೂ ಅದಕ್ಕಿದೆ. ನಿಯಮ ಇರಲೇಬೇಕೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ಅರಣ್ಯ ಇಲಾಖೆಯ ಹರಾಜಿನಲ್ಲಿ ಬಂದ ಮರವನ್ನೇ ಕೊಳ್ಳಿರಿ, ರಸೀದಿಯನ್ನೂ ಸಾಗಣೆ ಪರವಾನಗಿಯನ್ನೂ ಜೋಪಾನವಾಗಿಡಿ, ಬಿಲ್ಲಿನಲ್ಲಿ ಬರೀ ರೋಸ್‌ವುಡ್ ಎಂದು ಬರೆಯದೆ ಡಾಲ್‌ಬರ್ಜಿಯಾ ಲ್ಯಾಟಿಫೋಲಿಯಾ ಎಂದು ನಮೂದಿಸಿರಿ. ಹಳೆಯ ಬ್ರೆಜಿಲಿಯನ್ ರೋಸ್‌ವುಡ್ ಗಿಟಾರಿಗೆ ಈ ವಿನಾಯಿತಿ ಯಾವುದೂ ಸಲ್ಲದು. ಆ ಮರ 1992ರಿಂದಲೇ ಸೈಟಿಸ್‌ನ ಅತಿ ಕಠಿಣವಾದ ಮೊದಲನೆಯ ಅನುಬಂಧದಲ್ಲಿದೆ. ಗಿಟಾರಿನ ಜೊತೆ ನಾಲ್ಕು ಹಲಗೆ ಕಳುಹಿಸಿ ಎಂದು ಗ್ರಾಹಕರು ಎಷ್ಟೇ ಪ್ರೀತಿಯಿಂದ ಕೇಳಿದರೂ, ರಫ್ತಿನ ಅನುಮತಿ ಕೈಯಲ್ಲಿಲ್ಲದೆ ಒಪ್ಪಬೇಡಿ.