ತಮ್ಮ ಅಂಗಿ ಬಿಚ್ಚುತ್ತಿಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 20 ವರ್ಷ, ಅಗ್ನಿವೀರ. ರಜೆಗೆ ಬಂದವನು ಬಚ್ಚಲಿಗೂ ಅಂಗಿ ಹಾಕಿಕೊಂಡೇ ಹೋಗುತ್ತಿದ್ದ. ಮೊನ್ನೆ ಬೆನ್ನಿಗೆ ಎಣ್ಣೆ ಹಚ್ಚುತ್ತೇನೆ ಅಂತ ಅಮ್ಮ ಬಲವಂತ ಮಾಡಿದಾಗ ನಾವಿಬ್ಬರೂ ನೋಡಿದೆವು, ಬೆಲ್ಟಿನ ಬರೆಗಳು. ಬ್ಯಾರಕ್ಕಿನಲ್ಲಿ ಇಬ್ಬರು ಸೀನಿಯರ್‌ಗಳು ರಾತ್ರಿ ಎಬ್ಬಿಸಿ ಹೊಡೆಯುತ್ತಾರಂತೆ. ವಾಪಸ್ ಹೋಗಲ್ಲ ಅನ್ನುತ್ತಾನೆ. ಅಪ್ಪ "ಫೌಜು ಅಂದ್ರೆ ಹಾಗೇನೇ, ಗಂಡಸಾದವನು ತಡ್ಕೋಬೇಕು" ಅನ್ನುತ್ತಾರೆ. ರಜೆ ಇನ್ನು ಎಂಟೇ ದಿನ. ಏನು ಮಾಡಲಿ?
- ಒಬ್ಬ ಅಕ್ಕ, ಚಿಂತಾಮಣಿ

ಉತ್ತರ: ನಿಮ್ಮ ಅಪ್ಪನ ಮಾತು ತಪ್ಪಮ್ಮ. ಮೈದಾನದಲ್ಲಿ ಎಲ್ಲರ ಎದುರು ತರಬೇತಿ ಕೊಡುವ ಉಸ್ತಾದ್ ಓಡಿಸುವುದು, ಬಸ್ಕಿ ಹೊಡೆಸುವುದು, ಫೌಜಿನವರು ರಗಡಾ ಅನ್ನುವ ಆ ಮೈಮುರಿಯುವ ಕಸರತ್ತು ಬೇರೆ. ಮಲಗಿದವನನ್ನು ಎಬ್ಬಿಸಿ ಬೆಲ್ಟಿನಲ್ಲಿ ಬಾರಿಸುವುದು ಅಪರಾಧ. ಹೊಡೆದವನು ನಾಯಕ್ ಅಥವಾ ಹವಾಲ್ದಾರ್ ಆಗಿದ್ದರೆ 1950ರ ಸೇನಾ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲಾಗಬಹುದು. ನಿಮ್ಮ ತಮ್ಮ ಪುಕ್ಕಲ ಅಲ್ಲ, ಇದನ್ನು ಮೊದಲು ಅವನಿಗೆ ಹೇಳಿ.

ಆದರೆ ಸುಮ್ನೆ ಊರಲ್ಲಿ ಉಳಿಯುವುದು ಬೇಡ. ಸರಿಯಾದ ಕಾರಣವಿಲ್ಲದೆ ರಜೆ ಮೀರಿದರೆ ಅದೇ ಕಾಯ್ದೆಯ 39ನೇ ಸೆಕ್ಷನ್ ಇವನ ಮೇಲೇ ಬೀಳುತ್ತದೆ. ಹೊಡೆದವರು ಹಾಯಾಗಿರುತ್ತಾರೆ, ಪೆಟ್ಟು ತಿಂದವನು ತಪ್ಪಿತಸ್ಥ ಆಗುತ್ತಾನೆ. ಇದು ಆಗಬಾರದು ಅಲ್ವಾ?

ನಾಳೆಯೇ ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಹೊರಡಿ. ರಜೆಯಲ್ಲಿರುವ ಸೈನಿಕ ಹತ್ತಿರದ ಮಿಲಿಟರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ಗುರುತಿನ ಚೀಟಿ, ರಜೆ ಚೀಟಿ ಜೊತೆಗಿರಲಿ. ಡಾಕ್ಟರ್ ಕೇಳಿದಾಗ ಜಾರಿ ಬಿದ್ದೆ ಅನ್ನಬಾರದು. ಈ ಹುಡುಗರು ಜಾಸ್ತಿ ಹೇಳುವ ಸುಳ್ಳೇ ಅದು, ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬರೆ ಮಾಸುವ ಮುಂಚೆ ಅದು ಕಾಗದದಲ್ಲಿ ಬರಬೇಕು.

ಇವತ್ತು ರಾತ್ರಿ ಒಂದು ನೋಟ್‌ಬುಕ್ ಹಿಡಿದು ಅವನ ಪಕ್ಕ ಕೂತುಕೊಳ್ಳಿ. ಯಾವ ದಿನ, ಎಷ್ಟು ಗಂಟೆ, ಯಾರು ಹೊಡೆದರು, ಪಕ್ಕದ ಮಂಚದಲ್ಲಿ ಯಾರು ಎಚ್ಚರವಿದ್ದರು, ನೆನಪಾದಷ್ಟು ಬರೆಯಲಿ. ಅದನ್ನೇ ದೂರಾಗಿ ಕಂಪನಿ ಕಮಾಂಡರ್‌ಗೆ, ಅಂದರೆ ಅವನ ತುಕಡಿಯ ಅಧಿಕಾರಿಗೆ ಕೊಡಬೇಕು, ಅದಕ್ಕೆ ಅದೇ ಕಾಯ್ದೆಯ 26ನೇ ಸೆಕ್ಷನ್ ಇದೆ. ದೂರು ಆ ಅಧಿಕಾರಿಯ ಮೇಲೇ ಇದ್ದರೆ ಅವರ ಮೇಲಿನವರಿಗೆ. ದೂರು ಪಡೆದವರು ವಿಚಾರಣೆ ಮಾಡಲೇಬೇಕು. ಗಾಯದ ಫೋಟೋ ತೆಗೆದಿಡಿ, ಆದರೆ ವಾಟ್ಸಾಪಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ, ಅದರಿಂದ ಅವನಿಗೇ ತೊಂದರೆ.

ನಿದ್ದೆಯಲ್ಲಿ ಬೆಚ್ಚುತ್ತಿದ್ದರೆ, ಬದುಕು ಬೇಡ ಅನ್ನುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು. ಅಪ್ಪ ಆ ಬೆನ್ನು ನೋಡಿದ್ದಾರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಬೆಂಗಳೂರಿಗೆ ಅವರನ್ನೂ ಕರೆದುಕೊಂಡು ಹೋಗಿ.