ನಾಟಕೋತ್ಸವದ ಹಳೆಯ ಪ್ರಯೋಗಗಳ ದಾಖಲೆ ನೋಡುವುದು ಹೇಗೆ?

ಉತ್ಸವವೊಂದರಲ್ಲಿ ಹಿಂದೆ ಆಡಿದ ನಾಟಕದ ದಾಖಲೆ ನೋಡಲು ಹೊರಟಿದ್ದೇನೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಎಲ್ಲಿಂದಾದರೂ ಮಾಡಿ, ವಿಡಿಯೊದಿಂದ ಮಾತ್ರ ಬೇಡ.

ಮೊದಲು ದಾಖಲೆ ಎಲ್ಲಿದೆ ಅಂತ ವಿಚಾರಿಸಿ. ಉತ್ಸವದ ಕಚೇರಿಯಲ್ಲೇ ಇರಬೇಕೆಂದಿಲ್ಲ. 1947ರಲ್ಲಿ ಶುರುವಾದ ಫ್ರಾನ್ಸಿನ ಅವಿನ್ಯೋನ್ ಉತ್ಸವದ ಬಗ್ಗೆ ಓದಬೇಕೆಂದರೆ ಅದೇ ಊರಿನ ಮೇಸೋಂ ಜ್ಯಾಂ ವಿಲಾರ್ ಎಂಬ ಸಂಸ್ಥೆಗೆ ಹೋಗಬೇಕು. ಅಲ್ಲಿನ ಗ್ರಂಥಾಲಯ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಶಾಖೆ. ಎರಡು ಮೂರು ವಾರ ಮುಂಚೆಯೇ ನಾಟಕ, ನಿರ್ದೇಶಕರು, ವರ್ಷ, ಆಡಿದ ಜಾಗ ಇಷ್ಟನ್ನೂ ಬರೆದು ಕಳಿಸಿ. ದಾಖಲೆಯ ಪೆಟ್ಟಿಗೆಗಳು ಬೇರೆ ಕಟ್ಟಡದಲ್ಲಿದ್ದರೆ ತರಿಸಲು ಸಮಯ ಹಿಡಿಯುತ್ತದೆ. ಡಿಜಿಟಲ್ ಪ್ರತಿ ಇಲ್ಲದ ಟೇಪನ್ನು, ಓಡಿಸಿದರೆ ಹಾಳಾದೀತೆಂದು, ಕೊಡದೇ ಇರಬಹುದು.

ಹೋದಮೇಲೆ ಮೊದಲು ಬ್ರೋಷರ್ ಓದಿ. ಅದು ಪ್ರದರ್ಶನಕ್ಕೆ ಮುಂಚೆಯೇ ಅಚ್ಚಾಗುವುದರಿಂದ ಕೊನೆಗಳಿಗೆಯಲ್ಲಿ ಬದಲಾದ ನಟರ ಹೆಸರು ಅದರಲ್ಲಿರುವುದಿಲ್ಲ. ಆಯಾ ದಿನದ ಪ್ರದರ್ಶನದ ವರದಿ ಇದ್ದರೆ ತಾಳೆ ನೋಡಿ.

ಆಮೇಲೆ ಪ್ರಾಂಪ್ಟ್ ಪ್ರತಿ ಕೇಳಿ, ಅಂದರೆ ಪ್ರದರ್ಶನ ನಡೆಸುವವರು ಗುರುತು ಹಾಕಿಕೊಂಡು ಬಳಸಿದ ನಾಟಕದ ಪ್ರತಿ. ನನ್ನ ಪ್ರಕಾರ ಇಡೀ ಸಂಗ್ರಹದಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. ಕತ್ತರಿಸಿದ ಮಾತಿನ ಮೇಲೆ ಗೆರೆ, ಅಂಚಿನಲ್ಲಿ ನಟರ ಚಲನೆಯ ಬಾಣಗಳು, ಬೆಳಕು ಬದಲಾಗಬೇಕಾದ ಪದದ ಪಕ್ಕದಲ್ಲೇ ಕ್ಯೂ (ಬದಲಾವಣೆಯ ಸೂಚನೆ) ಸಂಖ್ಯೆ. ಎರಡು ಬಗೆಯ ಪೆನ್ಸಿಲ್ ಗುರುತು ಕಂಡರೆ ಅವು ಬೇರೆ ಬೇರೆ ಪ್ರಯೋಗದ ಕಾಲದವಾಗಿರಬಹುದು. ಬೆರೆಸಿ ಓದಿದರೆ ಯಾವತ್ತೂ ಆಡದ ನಾಟಕವೊಂದು ನಿಮ್ಮ ಟಿಪ್ಪಣಿಯಲ್ಲಿ ಹುಟ್ಟಿಬಿಡುತ್ತದೆ.

ವಿಡಿಯೊ ಕೊನೆಗೆ. ಪ್ರೇಕ್ಷಕರ ಹಿಂದಿಟ್ಟ ಒಂದೇ ಕ್ಯಾಮೆರಾದಲ್ಲಿ ಬೆಳಕಿಗೆ ಬಂದ ಮುಖ ಬಿಳಚುತ್ತದೆ, ಮಂದ ದೃಶ್ಯ ಕಪ್ಪಾಗುತ್ತದೆ. ಹಾಗಾಗಿ ಬೆಳಕಿನ ವಿನ್ಯಾಸವನ್ನು ಅದರಿಂದ ಅಳೆಯಬೇಡಿ, ಆ ಕ್ಯೂಗಳ ಪಟ್ಟಿಯಾದ ಕ್ಯೂ ಶೀಟ್ ನೋಡಿ. ನೋಡುತ್ತಿರುವುದು ರಂಗಪ್ರಯೋಗವೋ ಬೇರೆಯಾಗಿ ತೆಗೆದ ಚಿತ್ರವೋ ಅಂತಲೂ ಖಾತ್ರಿ ಮಾಡಿಕೊಳ್ಳಿ. ನಿರ್ದೇಶಕ ಪೀಟರ್ ಬ್ರೂಕ್‌ರ ‘ಮಹಾಭಾರತ’ 1985ರಲ್ಲಿ ಅವಿನ್ಯೋನ್ ಬಳಿಯ ಕಲ್ಲುಕ್ವಾರಿಯಲ್ಲಿ ಫ್ರೆಂಚಿನಲ್ಲಿ, ಸುಮಾರು ಒಂಬತ್ತು ಗಂಟೆ ನಡೆದದ್ದು. 1989ರ ಚಿತ್ರ ಇಂಗ್ಲಿಷಿನದು, ಸ್ಟುಡಿಯೊದಲ್ಲಿ ತೆಗೆದದ್ದು, ಅವಧಿಯೂ ಕಡಿಮೆ. ಅದನ್ನು ನೋಡಿ ಕ್ವಾರಿಯ ಪ್ರಯೋಗದ ಬಗ್ಗೆ ಬರೆದರೆ ತಪ್ಪಾಗುತ್ತದೆ.

ಟಿಪ್ಪಣಿಗೆ ಪೆನ್ಸಿಲ್ ಒಯ್ಯಿರಿ, ಪೆನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಪ್ರತಿ ಕಾಗದದ ಜೊತೆ ಪೆಟ್ಟಿಗೆಯ ಸಂಖ್ಯೆ ಬರೆದುಕೊಳ್ಳಿ. ಫೋಟೊ ಪ್ರಕಟಿಸುವ ಯೋಚನೆಯಿದ್ದರೆ ಛಾಯಾಗ್ರಾಹಕರ ಅನುಮತಿ ಪ್ರತ್ಯೇಕ ಬೇಕಾಗಬಹುದು. ಹಕ್ಕು ಯಾರದ್ದೆಂದು ಅಲ್ಲಿರುವಾಗಲೇ ಕೇಳಿಬಿಡಿ.